ಕಂಪ್ಯೂಟರಿನಲ್ಲಿ ಎಮೋಜಿ ಟೈಪ್ ಮಾಡುವುದು ಹೇಗೆ? ವಿಂಡೋಸ್, ಮ್ಯಾಕ್, ಲಿನಕ್ಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಮೊಬೈಲಿನಲ್ಲಿ ಎಮೋಜಿ ಹಾಕುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಕೈ ತಡವರಿಸುತ್ತದೆ. ನಾನಂತೂ ತುಂಬ ದಿನ ಒಂದು ಪೆದ್ದು ಉಪಾಯ ಮಾಡಿಕೊಂಡಿದ್ದೆ. ಮೊಬೈಲಿನಿಂದ ನನಗೇ ಒಂದು ಮೆಸೇಜ್ ಕಳಿಸಿಕೊಳ್ಳುವುದು, ಅದನ್ನು ಕಂಪ್ಯೂಟರಿನಲ್ಲಿ ತೆರೆಯುವುದು, ಅಲ್ಲಿಂದ ಕೈಮುಗಿಯುವ ಎಮೋಜಿಯನ್ನು ಕಾಪಿ ಮಾಡಿ ಮೇಲ್‌ಗೆ ಪೇಸ್ಟ್ ಮಾಡುವುದು. ಒಂದು ನಮಸ್ಕಾರಕ್ಕೆ ಎರಡು ನಿಮಿಷ! ಪಕ್ಕದ ಸೀಟಿನ ಹುಡುಗಿ ಒಂದು ದಿನ ನೋಡಲಾರದೆ ಕೈ ಚಾಚಿ ಎರಡು ಕೀ ಒತ್ತಿ ತೋರಿಸಿದಳು. ಆ ಕಸರತ್ತು ಅವತ್ತಿಗೆ ಮುಗಿಯಿತು.

ಆ ಎರಡು ಕೀ ಯಾವುವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅವಸರದಲ್ಲಿ ಇರುವವರು ಅಷ್ಟು ಓದಿ ಹೋಗಬಹುದು. ನಾವು ಹಾಕಿದ ಎಮೋಜಿ ಬೇರೆಯವರ ಕಂಪ್ಯೂಟರಿನಲ್ಲಿ ಡಬ್ಬಿಯಾಗಿಯೋ ಪ್ರಶ್ನೆ ಗುರುತಾಗಿಯೋ ಕಾಣುವುದು ಯಾಕೆ ಎಂಬುದು ಆಮೇಲಿನ ವಿಷಯ. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳು, ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ನಂಬರು ಕೊಡುವ ಯೂನಿಕೋಡ್ ಎಂದು ತಲೆ ಕೆಡಿಸಿಕೊಂಡವರಿಗೆ ಆ ಕಥೆ ಎಲ್ಲೋ ಕೇಳಿದಂತೆ ಅನ್ನಿಸುತ್ತದೆ.

ವಿಂಡೋಸ್ 10 ಮತ್ತು 11

1. ಎಮೋಜಿ ಎಲ್ಲಿ ಬೇಕೋ ಅಲ್ಲಿ ಕ್ಲಿಕ್ ಮಾಡಿ, ಕರ್ಸರ್ ಮಿಣುಕುವಂತೆ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.
2. ವಿಂಡೋಸ್ ಕೀ ಹಿಡಿದುಕೊಂಡು ಫುಲ್‌ಸ್ಟಾಪ್ ಕೀ ಒತ್ತಿ. ಅಕ್ಷರಗಳ ಪಕ್ಕದಲ್ಲಿರುವ ಫುಲ್‌ಸ್ಟಾಪ್ ಅದು, ಬಲಗಡೆಯ ನಂಬರ್ ಪ್ಯಾಡಿನದ್ದಲ್ಲ. ಸೆಮಿಕೋಲನ್ ಒತ್ತಿದರೂ ಆಗುತ್ತದೆ.
3. ಒಂದು ಪುಟ್ಟ ಫಲಕ ತೆರೆಯುತ್ತದೆ. ಬೇಕಾದ ಎಮೋಜಿಯ ಮೇಲೆ ಕ್ಲಿಕ್ ಮಾಡಿ. ಮೌಸ್ ಮುಟ್ಟದೆ ಬಾಣದ ಕೀಗಳಲ್ಲಿ ಸರಿದು ಎಂಟರ್ ಕೂಡ ಒತ್ತಬಹುದು.
4. ಕೆಲಸ ಮುಗಿದ ಮೇಲೆ ಎಸ್ಕೇಪ್ ಒತ್ತಿದರೆ ಫಲಕ ಮುಚ್ಚುತ್ತದೆ.

ಈ ಸೌಲಭ್ಯ ಬಂದದ್ದು 2017ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟ್‌ನಲ್ಲಿ. ಅದಕ್ಕಿಂತ ಹಳೆಯ ವಿಂಡೋಸ್ ಇದ್ದರೆ ಈ ಕೀಗಳಿಂದ ಫಲಕ ತೆರೆಯುವುದಿಲ್ಲ.

ಫಲಕದಲ್ಲಿ ಎಮೋಜಿಗಳ ಸಂತೆಯೇ ಇದೆ. ಕಣ್ಣಲ್ಲಿ ಹುಡುಕುತ್ತಾ ಕೂರಬೇಡಿ. ಫಲಕ ತೆರೆದಿರುವಾಗಲೇ ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿ. ಲ್ಯಾಂಪ್ ಎಂದರೆ ದೀಪ, ಟೆಂಪಲ್ ಎಂದರೆ ಗುಡಿ, ಆಟೋ ಎಂದರೆ ನಮ್ಮ ಆಟೋರಿಕ್ಷಾ. ಕನ್ನಡ ಕೀಲಿಮಣೆ ಹಾಕಿಕೊಂಡು ಹುಡುಕಿದಾಗ ಏನೂ ಸಿಗದಿದ್ದರೆ ಗಾಬರಿ ಬೇಡ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿ, ಎಮೋಜಿ ಹಾಕಿ, ಮತ್ತೆ ಕನ್ನಡಕ್ಕೆ ಬನ್ನಿ. ಸ್ವಲ್ಪ ಕಿರಿಕಿರಿಯೇ. ಆದರೆ ಒಮ್ಮೆ ಬಳಸಿದ ಎಮೋಜಿ ಮುಂದಿನ ಸಲ ಇತ್ತೀಚಿನವುಗಳ ಸಾಲಿನಲ್ಲಿ ಮೇಲೆಯೇ ಸಿಗುತ್ತದೆ. ನಾವೆಲ್ಲ ದಿನವೂ ಬಳಸುವುದು ಏಳೆಂಟು ಮಾತ್ರ ಅಲ್ವಾ? ವಾರ ಕಳೆಯುವುದರೊಳಗೆ ಹುಡುಕುವ ಕೆಲಸವೇ ಇರುವುದಿಲ್ಲ.

ವಿಂಡೋಸ್ 11ರ ಫಲಕದಲ್ಲಿ ಜಿಫ್ ಚಿತ್ರಗಳು, ಗಣಿತದ ಗುರುತುಗಳು, ಹಣದ ಗುರುತುಗಳು ಕೂಡ ಇವೆ. ರೂಪಾಯಿ ಗುರುತಿಗೆ ಇಷ್ಟು ದೂರ ಬರಬೇಕಿಲ್ಲ. ಕೀಲಿಮಣೆಯನ್ನು ಇಂಗ್ಲಿಷ್ ಇಂಡಿಯಾ ಎಂದು ಇಟ್ಟುಕೊಂಡಿದ್ದರೆ ಕಂಟ್ರೋಲ್, ಆಲ್ಟ್, 4 ಮೂರನ್ನೂ ಒಟ್ಟಿಗೆ ಒತ್ತಿದರೆ ₹ ಬೀಳುತ್ತದೆ.

ನಂಬರ್ ಪ್ಯಾಡ್ ಇರುವ ಕೀಲಿಮಣೆಯಾದರೆ ಒಂದು ಹಳೇ ಚಮತ್ಕಾರವೂ ಇದೆ. ಆಲ್ಟ್ ಹಿಡಿದು ಪ್ಯಾಡಿನಲ್ಲಿ 1 ಒತ್ತಿ ಬಿಟ್ಟರೆ ☺, 3 ಒತ್ತಿದರೆ ♥. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಿಂದ ಉಳಿದುಬಂದ ಗುರುತುಗಳಿವು.

ಫಲಕ ತೆರೆಯದಿದ್ದರೆ

ಕೀ ಒತ್ತಿದರೂ ಏನೂ ಆಗದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ವಿಂಡೋಸ್ ಕೀ ಸತ್ತಿರುತ್ತದೆ. ಸ್ಟಾರ್ಟ್ ಮೆನು ತೆರೆಯುತ್ತದೆಯೇ ಎಂದು ಒತ್ತಿ ನೋಡಿದರೆ ಗೊತ್ತಾಗುತ್ತದೆ. ಸತ್ತಿದ್ದರೆ ಸೆಟಿಂಗ್ಸ್‌ನ ಪರ್ಸನಲೈಸೇಶನ್‌ಗೆ ಹೋಗಿ, ಟಾಸ್ಕ್‌ಬಾರ್ ವಿಭಾಗದಲ್ಲಿ ಟಚ್ ಕೀಬೋರ್ಡ್ ಆನ್ ಮಾಡಿ. ಗಡಿಯಾರದ ಪಕ್ಕದಲ್ಲಿ ಕೀಲಿಮಣೆಯ ಗುರುತು ಬರುತ್ತದೆ. ಅದನ್ನು ಒತ್ತಿದರೆ ಪರದೆಯ ಮೇಲೆ ಕೀಲಿಮಣೆ ಮೂಡುತ್ತದೆ, ಅದರಲ್ಲೇ ನಗುಮುಖದ ಕೀ ಇರುತ್ತದೆ. ಬ್ರೌಸರ್ ಕ್ರೋಮ್ ಆಗಿದ್ದರೆ ಇನ್ನೂ ಸುಲಭ. ಬರೆಯುವ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಮೆನುವಿನಲ್ಲಿ ಎಮೋಜಿ ಎಂಬುದನ್ನು ಆರಿಸಿ.

ಎರಡನೆಯ ಕಾರಣ, ಹಿಂದೆ ಓಡುತ್ತಿರಬೇಕಾದ ಒಂದು ಸಣ್ಣ ಪ್ರೋಗ್ರಾಂ ನಿಂತುಹೋಗಿರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ತೆರೆದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಿ-ಟಿ-ಎಫ್-ಎಂ-ಓ-ಎನ್ ಎಂದು ಬರೆದು ಎಂಟರ್ ಕೊಡಿ. ಏನೂ ಕಾಣುವುದಿಲ್ಲ, ಆದರೆ ಫಲಕ ಮತ್ತೆ ತೆರೆಯಲು ಶುರುವಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಬಾವುಟದ ಗೋಳು

ಆಗಸ್ಟ್ 15ರಂದು ವಿಂಡೋಸ್‌ನಲ್ಲಿ ಭಾರತದ ಬಾವುಟ ಹುಡುಕಿ ಸೋತವರು ಬಹಳ. ನಿಮ್ಮ ತಪ್ಪೇನಿಲ್ಲ. ವಿಂಡೋಸ್‌ನ ಎಮೋಜಿ ಫಾಂಟಿನಲ್ಲಿ ದೇಶಗಳ ಬಾವುಟಗಳನ್ನು ಇಟ್ಟೇ ಇಲ್ಲ. ಬಾವುಟದ ಎಮೋಜಿ ಎಂದರೆ ಒಳಗಡೆ ಎರಡು ವಿಶೇಷ ಅಕ್ಷರಗಳು. ಭಾರತಕ್ಕೆ ಐ ಮತ್ತು ಎನ್. ಫಾಂಟಿನಲ್ಲಿ ಚಿತ್ರ ಇದ್ದರೆ ತ್ರಿವರ್ಣ ಕಾಣುತ್ತದೆ, ಇಲ್ಲದಿದ್ದರೆ ಐಎನ್ ಎಂಬ ಅಕ್ಷರಗಳು. ಹಾಗಾಗಿ ನೀವು ವಿಂಡೋಸ್‌ನಿಂದ ಕಳಿಸಿದ ಐಎನ್, ನಿಮ್ಮ ಅಣ್ಣನ ಮೊಬೈಲಿನಲ್ಲಿ ಸರಿಯಾಗಿ ಬಾವುಟವಾಗಿಯೇ ಕಾಣುತ್ತದೆ. ಫೈರ್‌ಫಾಕ್ಸ್ ತನ್ನದೇ ಎಮೋಜಿ ಫಾಂಟ್ ಹೊತ್ತು ತರುವುದರಿಂದ ಅದರೊಳಗೆ ವಿಂಡೋಸ್‌ನಲ್ಲೂ ಬಾವುಟ ಕಾಣಿಸುತ್ತದೆ.

ಕನ್ನಡ ಬಾವುಟಕ್ಕೆ ಎಮೋಜಿ ಇಲ್ಲ. ನವೆಂಬರ್ 1ಕ್ಕೆ ಎಲ್ಲರೂ ಹಾಕುವ 💛❤️ ಜೋಡಿಯೇ ನಮ್ಮ ಬಾವುಟ. ಹಳದಿ ಮೊದಲು, ಕೆಂಪು ಆಮೇಲೆ. ಹೃದಯಗಳಿಗೆ ಈ ಫಾಂಟಿನ ತಕರಾರು ಇಲ್ಲವಾದ್ದರಿಂದ ಎಲ್ಲ ಕಡೆಯೂ ಸರಿಯಾಗಿ ಕಾಣುತ್ತವೆ.

ಮ್ಯಾಕ್

ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ. ಕೀಲಿಮಣೆಯ ಎಡ ಮೂಲೆಯಲ್ಲಿ ಭೂಗೋಳದ ಚಿತ್ರದ ಕೀ ಇದ್ದರೆ ಅದರ ಜೊತೆ ಇ ಒತ್ತಿದರೂ ಸಾಕು. ಎರಡೂ ನೆನಪಿಗೆ ಬರದಿದ್ದರೆ ಎಡಿಟ್ ಮೆನುವಿನ ಕೊನೆಯಲ್ಲಿ ಎಮೋಜಿ ಅಂಡ್ ಸಿಂಬಲ್ಸ್ ಎಂದು ಇರುತ್ತದೆ. ಕೈ, ಮುಖಗಳ ಬಣ್ಣ ಬದಲಿಸಲು ಎಮೋಜಿಯನ್ನು ಒತ್ತಿ ಹಿಡಿಯಿರಿ.

ಮ್ಯಾಕ್ ಬಳಸುವವರಿಗೆ ನಾನು ಹೇಳುವ ದೊಡ್ಡ ಕಿವಿಮಾತು ಟೆಕ್ಸ್ಟ್ ರಿಪ್ಲೇಸ್‌ಮೆಂಟ್. ಸಿಸ್ಟಂ ಸೆಟಿಂಗ್ಸ್‌ನಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಗಿ ಅದನ್ನು ತೆರೆಯಿರಿ. ಎಡಗಡೆ ಒಂದು ಸಂಕೇತ, ಬಲಗಡೆ ಎಮೋಜಿ ಹಾಕಿ. ಸಂಕೇತ ಯಾವ ಪದದಲ್ಲೂ ಬಾರದಂಥದ್ದಾಗಿರಲಿ. ನಾನು ಎರಡು ಎಕ್ಸ್ ಜೊತೆಗೆ ಒಂದು ಎನ್ ಇಟ್ಟುಕೊಂಡಿದ್ದೇನೆ, ಅದನ್ನು ಹೊಡೆದು ಸ್ಪೇಸ್ ಕೊಟ್ಟರೆ 🙏. ವಿಂಡೋಸ್‌ನಲ್ಲಿ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಇಂಥ ಸೌಲಭ್ಯ ಬಂದಹಾಗೇ ಸಿಗುವುದಿಲ್ಲ. ಎಸ್ಪಾನ್ಸೊ ಅಥವಾ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬೇಕು. ವರ್ಡ್‌ನಲ್ಲಿ ಮಾತ್ರ ಸಾಕು ಎಂದರೆ ಅದರ ಆಪ್ಷನ್ಸ್‌ನಲ್ಲಿ ಪ್ರೂಫಿಂಗ್, ಅಲ್ಲಿ ಆಟೋಕರೆಕ್ಟ್ ತೆರೆದು ಇದೇ ರೀತಿ ಜೋಡಿ ಮಾಡಿಡಿ.

ಲಿನಕ್ಸ್, ಕ್ರೋಮ್‌ಬುಕ್

ಲಿನಕ್ಸ್ ಎಂದರೆ ಒಂದೇ ಊರಲ್ಲ, ಹಾಗಾಗಿ ದಾರಿಯೂ ಒಂದೇ ಇಲ್ಲ. ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಇದ್ದರೆ ವಿಂಡೋಸ್‌ನ ಹಾಗೆಯೇ ವಿಂಡೋಸ್ ಕೀ ಮತ್ತು ಫುಲ್‌ಸ್ಟಾಪ್. ಗ್ನೋಮ್ ಎಂಬ ಡೆಸ್ಕ್‌ಟಾಪ್ ಆದರೆ ಅದರ ಸ್ವಂತ ಆ್ಯಪ್‌ಗಳಲ್ಲಿ ಕಂಟ್ರೋಲ್ ಮತ್ತು ಫುಲ್‌ಸ್ಟಾಪ್. ಅದು ಕೆಲಸ ಮಾಡದ ಕಡೆ ಕ್ಯಾರೆಕ್ಟರ್ಸ್ ಎಂಬ ಆ್ಯಪ್ ತೆರೆದು ಕಾಪಿ ಮಾಡಿಕೊಳ್ಳಿ. ಕನ್ನಡ ಟೈಪಿಂಗಿಗೆ ಐಬಸ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಅದರ ಪ್ರಿಫರೆನ್ಸಸ್‌ನಲ್ಲಿ ಎಮೋಜಿ ಎಂಬ ಟ್ಯಾಬ್ ಇದೆ. ಯಾವ ಕೀ ಒತ್ತಬೇಕು ಎಂಬುದನ್ನು ಅಲ್ಲೇ ನೋಡಬಹುದು, ಬದಲಿಸಬಹುದು.

ಕ್ರೋಮ್‌ಬುಕ್‌ನಲ್ಲಿ ಸರ್ಚ್ ಕೀ, ಶಿಫ್ಟ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ.

ಆ್ಯಪ್‌ಗಳ ಒಳದಾರಿ

ವಾಟ್ಸ್ಆ್ಯಪ್ ವೆಬ್‌ನಲ್ಲಿ ಕೋಲನ್ ಹಾಕಿ, ಬಿಡುವು ಕೊಡದೆ ಎಮೋಜಿಯ ಹೆಸರು ಶುರುಮಾಡಿ. ಹೊಂದುವ ಎಮೋಜಿಗಳ ಸಾಲು ಮೇಲೆ ಬರುತ್ತದೆ, ಎಂಟರ್ ಕೊಟ್ಟರೆ ಆಯಿತು. ಟೆಲಿಗ್ರಾಂ, ಸ್ಲ್ಯಾಕ್, ಡಿಸ್ಕಾರ್ಡ್, ಗಿಟ್‌ಹಬ್‌ಗಳಲ್ಲೂ ಕೋಲನ್ ನಡೆಯುತ್ತದೆ. ಇದು ಒಮ್ಮೆ ಕೈಗೆ ಹತ್ತಿದರೆ ಫಲಕಕ್ಕಿಂತ ಜೋರು. ಜಿಮೇಲ್‌ನಲ್ಲಿ ಬರೆಯುವ ಪೆಟ್ಟಿಗೆಯ ಕೆಳಗಡೆ ನಗುಮುಖದ ಗುಂಡಿ ಇದೆ.

ವರ್ಡ್‌ನಲ್ಲಿ ಇನ್ನೊಂದು ದಾರಿ ಇದೆ. ಅದು ದಿನಬಳಕೆಗೆ ಅಂತಲ್ಲ, ಆದರೆ ಒಮ್ಮೆ ಮಾಡಿ ನೋಡಲೇಬೇಕು. ಇಂಗ್ಲಿಷ್ ಕೀಲಿಮಣೆಯಲ್ಲಿ 1, ಎಫ್, 6, 4, ಎಫ್ ಎಂದು ಒಟ್ಟಿಗೆ ಬರೆದು, ತಕ್ಷಣ ಆಲ್ಟ್ ಮತ್ತು ಎಕ್ಸ್ ಒತ್ತಿ. ಆ ಅಕ್ಷರ, ಅಂಕಿಗಳೆಲ್ಲ ಮಾಯವಾಗಿ 🙏 ಬರುತ್ತದೆ. ಲಿಬ್ರೆಆಫೀಸ್‌ನಲ್ಲೂ ಇದೇ ಕೀ. ಲಿನಕ್ಸ್‌ನ ಗ್ನೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಮೊದಲು ಒತ್ತಿ, ಆಮೇಲೆ ಅದೇ ಸಂಕೇತ ಬರೆದು ಸ್ಪೇಸ್ ಕೊಡಬೇಕು. ದೀಪಕ್ಕೆ 1, ಎಫ್, ಎ, 9, 4. ಆಟೋಗೆ 1, ಎಫ್, 6, ಎಫ್, ಎ.

ಈಗ ವರ್ಡ್‌ನಲ್ಲೇ ಯೂನಿಕೋಡ್ ಕನ್ನಡದಲ್ಲಿ ಒಂದು ಕ ಬರೆಯಿರಿ. ಅದರ ಬೆನ್ನಿಗೇ ಕರ್ಸರ್ ಇಟ್ಟು ಆಲ್ಟ್, ಎಕ್ಸ್ ಒತ್ತಿ. ಕ ಹೋಗಿ 0, ಸಿ, 9, 5 ಎಂದಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಕ ವಾಪಸ್ ಬರುತ್ತದೆ. ಕಂಪ್ಯೂಟರಿಗೆ ಕ ಹೇಗೋ ಕೈಮುಗಿಯುವ ಎಮೋಜಿಯೂ ಹಾಗೆಯೇ. ಎರಡೂ ಅಕ್ಷರಗಳೇ, ಎರಡಕ್ಕೂ ಒಂದೊಂದು ನಂಬರು. ಎಮೋಜಿ ಚಿತ್ರವಲ್ಲ ಎಂಬುದು ತಲೆಗೆ ಹೋದರೆ ಮುಂದಿನ ತೊಂದರೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಹೆಸರಲ್ಲೇ ಅಕ್ಷರ ಇದೆ

ಎಮೋಜಿ ಎಂಬ ಪದಕ್ಕೂ ಇಂಗ್ಲಿಷಿನ ಇಮೋಷನ್‌ಗೂ ಸಂಬಂಧವಿಲ್ಲ. ಅದು ಜಪಾನಿ ಪದ. ಎ ಎಂದರೆ ಚಿತ್ರ, ಮೋಜಿ ಎಂದರೆ ಅಕ್ಷರ. 1999ರಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಮೊಬೈಲ್ ಕಂಪನಿಗಾಗಿ ಶಿಗೆತಾಕಾ ಕುರಿತಾ ಅವರು 176 ಚಿತ್ರಾಕ್ಷರಗಳನ್ನು ಮಾಡಿದರು. ಒಂದೊಂದೂ 12×12 ಚುಕ್ಕಿಗಳ ಚೌಕದಲ್ಲಿ. ಎಲ್ಲಕ್ಕಿಂತ ಮೊದಲಿನವೇನೂ ಅಲ್ಲ, ಜಪಾನಿನ ಇನ್ನೊಂದು ಕಂಪನಿ 1997ರಲ್ಲೇ ತನ್ನ ಫೋನಿನಲ್ಲಿ 90 ಚಿತ್ರಗಳನ್ನು ಕೊಟ್ಟಿತ್ತು. ಆಗ ಒಂದು ಕಂಪನಿಯ ನಗು ಇನ್ನೊಂದು ಕಂಪನಿಯ ಫೋನಿನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. 2010ರ ಅಕ್ಟೋಬರಿನಲ್ಲಿ ಯೂನಿಕೋಡ್ 6.0 ಬಂದು ಎಲ್ಲರಿಗೂ ಒಂದೇ ನಂಬರು ಎಂದಾಯಿತು. ನಮ್ಮ ₹ ಗುರುತೂ ಯೂನಿಕೋಡಿಗೆ ಸೇರಿದ್ದು ಅದೇ ಕಂತಿನಲ್ಲಿ.

ಈಗ ಎಲ್ಲ ಸೇರಿ 3,700ಕ್ಕೂ ಜಾಸ್ತಿ ಎಮೋಜಿಗಳಿವೆ. ನಮಗೆ ಬೇಕಾದ ಸೀರೆ 🥻, ಹಣತೆ 🪔, ಆಟೋ 🛺, ದೇವಸ್ಥಾನ 🛕 ನಾಲ್ಕೂ ಒಟ್ಟಿಗೆ ಬಂದದ್ದು 2019ರಲ್ಲಿ. ಮಾವಿನಹಣ್ಣು, ನವಿಲು ಅದರ ಹಿಂದಿನ ವರ್ಷ. 2019ಕ್ಕೆ ಮುಂಚಿನ ಕಂಪ್ಯೂಟರಿಗೆ ಅಪ್‌ಡೇಟ್ ಹಾಕದಿದ್ದರೆ ದೀಪಾವಳಿಯ ಹಣತೆ ಖಾಲಿ ಡಬ್ಬಿಯಾಗಿ ಕಾಣುತ್ತದೆ. ನಂಬರು ಬಂದಿದೆ, ಬಿಡಿಸಲು ಫಾಂಟಿನಲ್ಲಿ ಚಿತ್ರ ಇಲ್ಲ. ಈ ಡಬ್ಬಿಗೆ ತಂತ್ರಜ್ಞರು ಟೋಫು ಎನ್ನುತ್ತಾರೆ. ಟೋಫು ಬೇಡ, ನೋ ಟೋಫು ಎಂದು ಗೂಗಲ್ ಮಾಡಿಸಿದ ಫಾಂಟ್ ಮನೆತನವೇ ನೋಟೊ. ಲಿನಕ್ಸ್‌ನಲ್ಲಿ ಡಬ್ಬಿಗಳು ಕಂಡರೆ ನೋಟೊ ಕಲರ್ ಎಮೋಜಿ ಫಾಂಟ್ ಹಾಕಿಕೊಳ್ಳಿ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಸಿಸ್ಟಂ ಅಪ್‌ಡೇಟ್ ಮಾಡುವುದೇ ಮದ್ದು.

ಕುಟುಂಬದ ಎಮೋಜಿ ಇನ್ನೂ ಮಜಾ. ಅಪ್ಪ, ಅಮ್ಮ, ಮಗಳು ಮೂರು ಬೇರೆ ಬೇರೆ ಎಮೋಜಿ. ನಡುನಡುವೆ ಕಣ್ಣಿಗೆ ಕಾಣದ ಒಂದು ಜೋಡಕ. ಇದರ ಹೆಸರು ಝೀರೋ ವಿಡ್ತ್ ಜಾಯ್ನರ್. ರ‍್ಯಾಂಕ್ ಎಂದು ಬರೆಯುವಾಗ ರ ಅರ್ಕಾವೊತ್ತಾಗಿ ಪಕ್ಕಕ್ಕೆ ಹೋಗದೆ ಜಾಗದಲ್ಲೇ ನಿಲ್ಲುವಂತೆ ಮಾಡುವುದೂ ಇದೇ ಜೋಡಕ! ಕೆಲವು ಆ್ಯಪ್‌ಗಳಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಕುಟುಂಬದಿಂದ ಒಬ್ಬೊಬ್ಬರೇ ಮಾಯವಾಗುವುದನ್ನು ನೋಡಿ ಹೆದರಬೇಡಿ. ಒತ್ತಕ್ಷರವೂ ಹಾಗೆಯೇ ತುಂಡುತುಂಡಾಗಿ ಅಳಿಯುತ್ತದೆ.

ಜೆ ಅಕ್ಷರದ ರಹಸ್ಯ ಮತ್ತು ನುಡಿ

ಹಿಂದೆ ಆಫೀಸ್ ಮೇಲ್‌ಗಳಲ್ಲಿ ವಾಕ್ಯದ ಕೊನೆಗೆ ಇದ್ದಕ್ಕಿದ್ದಂತೆ ಇಂಗ್ಲಿಷಿನ ಜೆ ಕಾಣುತ್ತಿತ್ತು, ನೆನಪಿದೆಯಾ? ಔಟ್‌ಲುಕ್‌ನಲ್ಲಿ ಕೋಲನ್ ಮತ್ತು ಕಂಸ ಹಾಕಿದರೆ ಅದು ತಾನಾಗಿ ನಗುಮುಖವಾಗುತ್ತಿತ್ತು. ನಿಜವಾಗಿ ಅದು ನಗುಮುಖವಲ್ಲ, ವಿಂಗ್‌ಡಿಂಗ್ಸ್ ಎಂಬ ಫಾಂಟಿನ ವೇಷ ಹಾಕಿದ ಜೆ. ಓದುವವರ ಕಡೆ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಜೆ ಉಳಿಯುತ್ತಿತ್ತು.

ಇದು ನಮಗೆ ಹಳೇ ಪರಿಚಯದ ಕಾಯಿಲೆ. ನುಡಿಯ, ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನಲ್ಲಿ ಬರೆದ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕ ಎಂಬುದು ಪಿ ಮತ್ತು ತಲೆ ಮೇಲೆ ಗೆರೆ ಇರುವ ಎ ಆಗಿ ಕಾಣುತ್ತದಲ್ಲ, ಅದೇ. ಯೂನಿಕೋಡ್ ಎಮೋಜಿಗೆ ವೇಷವಿಲ್ಲ. ಆದ್ದರಿಂದ ನಗು ಬೇಕಾದರೆ ಸುಮ್ನೆ ಫಲಕದಿಂದಲೇ ಹಾಕಿ, ಫಾಂಟ್ ಬದಲಿಸಿ ತರುವ ವಿಂಗ್‌ಡಿಂಗ್ಸ್ ಗುರುತುಗಳ ಸಹವಾಸ ಬೇಡ.

ಪ್ರಶ್ನೆ ಗುರುತುಗಳು

ಡಬ್ಬಿ ಕಂಡರೆ ಫಾಂಟಿನ ತೊಂದರೆ. ಎಮೋಜಿ ಇದ್ದ ಜಾಗದಲ್ಲಿ ಪ್ರಶ್ನೆ ಗುರುತುಗಳು ಕಂಡರೆ ಅದು ಬೇರೆ ರೋಗ. ನಮ್ಮೂರಿನ ಸಂಘವೊಂದರ ವೆಬ್‌ಸೈಟಿಗೆ ಯುಗಾದಿ ಶುಭಾಶಯ ಹಾಕಿದಾಗ ಇದು ನನಗೆ ಗೊತ್ತಾಯಿತು. ಕನ್ನಡ ಅಚ್ಚುಕಟ್ಟಾಗಿ ಬಂತು, ಮಾವಿನಹಣ್ಣು ಮಾತ್ರ ನಾಲ್ಕು ಪ್ರಶ್ನೆ ಗುರುತಾಯಿತು. ಹಬ್ಬದ ದಿನ ಶುಭಾಶಯವೋ ಅನುಮಾನವೋ ಎನ್ನುವಂತಿತ್ತು.

ಕಾರಣ ಇಷ್ಟೇ. ಯೂನಿಕೋಡ್ ನಂಬರುಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಕ, ಮ, ಸ್ವರಚಿಹ್ನೆ ಒಂದೊಂದಕ್ಕೂ 3 ಬೈಟ್ ಜಾಗ ಸಾಕು. ಹೆಚ್ಚಿನ ಎಮೋಜಿಗಳಿಗೆ 4 ಬೇಕು. ವೆಬ್‌ಸೈಟಿನ ಬರಹಗಳನ್ನು ಇಟ್ಟುಕೊಳ್ಳುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಯುಟಿಎಫ್8 ಎಂದು ಬಹುಕಾಲ ಕರೆದದ್ದು 3 ಬೈಟಿಗೇ ನಿಲ್ಲುತ್ತಿತ್ತು. ಹಾಗಾಗಿ ಕನ್ನಡ ಪಾಸು, ಎಮೋಜಿ ಫೇಲು. ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಟೇಬಲ್ ಮತ್ತು ಕನೆಕ್ಷನ್ ಎರಡನ್ನೂ ಯುಟಿಎಫ್8ಎಂಬಿ4ಗೆ ಬದಲಿಸಲು ಹೇಳಿ, ಅವರಿಗೆ ಅರ್ಥವಾಗುತ್ತದೆ. ಮೊದಲು ಬ್ಯಾಕಪ್ ತೆಗೆದಿಡಲು ಕೂಡ ಹೇಳಿ. ಹಿಂದೆ ಪ್ರಶ್ನೆ ಗುರುತಾಗಿ ಉಳಿದುಹೋದವು ಮಾತ್ರ ವಾಪಸ್ ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು.

ಎಲ್ಲಿ ಕೈ ತಡೆಯಬೇಕು

ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್, ಅಂದರೆ ಪರದೆಯ ಬರಹ ಓದಿ ಹೇಳುವ ತಂತ್ರಾಂಶ, ಬಳಸುವ ಅಂಧ ಓದುಗರಿಗೆ ಎಮೋಜಿ ಹೆಸರಾಗಿ ಕೇಳಿಸುತ್ತದೆ. ಸಾಲಾಗಿ ಹತ್ತು ಚಪ್ಪಾಳೆ ಹಾಕಿದರೆ ಚಪ್ಪಾಳೆ, ಚಪ್ಪಾಳೆ ಎಂದು ಪಟ್ಟಿಯೇ ಕೇಳಬೇಕಾದೀತು. ಒಂದು ಹಾಕಿ, ಅದೂ ವಾಕ್ಯದ ಕೊನೆಗೆ. ಪ್ರತಿ ಸಾಲಿನ ಮುಂದೆ ಚುಕ್ಕಿಯ ಬದಲು ಎಮೋಜಿ ಇಡುವ ಅಭ್ಯಾಸ ನನಗಂತೂ ಹಿಡಿಸುವುದಿಲ್ಲ.

ಫೈಲಿನ ಹೆಸರಿನಲ್ಲಿ ಎಮೋಜಿ ಹಾಕಲು ಈಗಿನ ಕಂಪ್ಯೂಟರುಗಳು ಬಿಡುತ್ತವೆ. ಆದರೆ ಆ ಫೈಲನ್ನು ಅರ್ಜಿ ತುಂಬುವ ಹಳೇ ಪೋರ್ಟಲ್‌ಗೆ ಏರಿಸಲು ಹೋದಾಗ ಪೇಚಾಟ ತಪ್ಪಿದ್ದಲ್ಲ. ಪಾಸ್‌ವರ್ಡ್‌ನಲ್ಲಂತೂ ಬೇಡವೇ ಬೇಡ.

ವ್ಯವಹಾರದ ಮಾತುಕತೆಯಲ್ಲಿ 👍 ಒತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ಕೆನಡಾದ ಸಾಸ್ಕಚೆವಾನ್‌ನಲ್ಲಿ ಅಗಸೆ ಬೀಜದ ಖರೀದಿ ಒಪ್ಪಂದದ ಫೋಟೋ ಬಂದಾಗ ರೈತರೊಬ್ಬರು ಹೆಬ್ಬೆರಳು ಎತ್ತಿ ಕಳಿಸಿದ್ದರು. ಫೋಟೋ ತಲುಪಿತು ಎಂದಷ್ಟೇ ಅದರ ಅರ್ಥ ಎಂದು ವಾದಿಸಿದರು. ಅದು ಸಹಿಗೆ ಸಮ ಎಂದು ಅಲ್ಲಿನ ನ್ಯಾಯಾಲಯ 2023ರಲ್ಲಿ ಹೇಳಿತು. ಬೀಜ ಕೊಡದೇ ಹೋದದ್ದಕ್ಕೆ ಅವರ ಮೇಲೆ ಬಿದ್ದದ್ದು ಸುಮಾರು 82 ಸಾವಿರ ಕೆನಡಾ ಡಾಲರ್.

ಅಚ್ಚಿಗೆ ಹೋಗುವ ಎಮೋಜಿ

ಗೃಹಪ್ರವೇಶದ ಕರೆಯೋಲೆಗೆ ದೀಪದ ಎಮೋಜಿ ಹಾಕಿಕೊಡಿ ಎಂದು ಡಿಟಿಪಿ ಅಂಗಡಿಯಲ್ಲಿ ಕೇಳಿದರೆ ಆಗುವುದಿಲ್ಲ ಎನ್ನುತ್ತಾರೆ. ಅವರು ಸೋಮಾರಿಗಳಲ್ಲ. ಪುಟ ಜೋಡಿಸಲು ಅವರು ಬಳಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದೇ 2001ರಲ್ಲಿ. ಅಲ್ಲಿ ಮಾತ್ರ ಎಮೋಜಿಯನ್ನು ಚಿತ್ರವಾಗಿಯೇ ಒಯ್ಯಬೇಕು. ಹೀಗೆ ಮಾಡಿ:

1. ನೋಟೊ ಎಮೋಜಿ ಅಥವಾ ಟ್ವೆಮೋಜಿ ಸಂಗ್ರಹದಿಂದ ಬೇಕಾದ ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ ಇಳಿಸಿಕೊಳ್ಳಿ. ಇವೆರಡೂ ಮುಕ್ತ ಪರವಾನಗಿಯವು. ಟ್ವೆಮೋಜಿ ಬಳಸಿದರೆ ಮೂಲದ ಹೆಸರು ಹಾಕಬೇಕು. ಐಫೋನಿನ ಎಮೋಜಿಯನ್ನು ಸ್ಕ್ರೀನ್‌ಶಾಟ್ ತೆಗೆದು ಅಚ್ಚು ಹಾಕಿಸಬೇಡಿ, ಆ ಚಿತ್ರಗಳು ಆ್ಯಪಲ್‌ನ ಸ್ವತ್ತು.
2. ಅದನ್ನು ಕೋರೆಲ್‌ಡ್ರಾ ಅಥವಾ ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ತೆರೆಯಿರಿ. ಎಸ್‌ವಿಜಿ ಆದ್ದರಿಂದ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.
3. ಅಚ್ಚಿನಲ್ಲಿ ಬೇಕಾದ ಅಳತೆಗೆ ತಂದು, 300 ಡಿಪಿಐ ಟಿಫ್ ಆಗಿ ಉಳಿಸಿಕೊಳ್ಳಿ. ಬಣ್ಣವನ್ನು ಅಚ್ಚಿನ ಬಣ್ಣಪದ್ಧತಿಯಾದ ಸಿಎಂವೈಕೆಗೆ ಬದಲಿಸುವುದನ್ನು ಅಂಗಡಿಯವರಿಗೇ ಬಿಡಿ.
4. ಪೇಜ್‌ಮೇಕರ್‌ನಲ್ಲಿ ಪ್ಲೇಸ್ ಮಾಡಿಸಿ, ಪ್ರಿಂಟ್ ತೆಗೆದು ಒಮ್ಮೆ ಕಣ್ಣಾರೆ ನೋಡಿ. ಪರದೆಯ ಮೇಲೆ ಹೊಳೆಯುವ ಹಳದಿ ಕಾಗದದ ಮೇಲೆ ಸ್ವಲ್ಪ ಮಂಕಾಗುತ್ತದೆ. ಕಪ್ಪು-ಬಿಳುಪಿನ ಅಚ್ಚಾದರೆ ಬಣ್ಣದ ಎಮೋಜಿ ಬೂದು ಮುದ್ದೆಯಾಗುತ್ತದೆ, ಅದಕ್ಕೆ ಗೆರೆಯಲ್ಲಿ ಬರೆದ ದೀಪದ ಚಿತ್ರವೇ ವಾಸಿ.